ಚರಗದ ಬುಟ್ಟಿಯೂ ಹರಿದ ರೊಟ್ಟಿಯೂ

ಮಾರ್ಗಶಿರದ ಚಳಿ ಬಿದ್ದಿತೆಂದರೆ ಗೃಹಿಣಿಯರ ನಿದ್ರೆಗೆ ಸಂಚಕಾರ ಬಂದಿತೆಂದೇ ತಿಳಿಯಬೇಕು. ಡಿಸೆಂಬರ್ ತಿಂಗಳ ಕೊನೆಯ ವಾರಗಳಲ್ಲಿ ಮಂಗಳೂರಿನ ಕಡೆಯ ಕ್ರೈಸ್ತ ಬಾಂಧವರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರಿಗಾಗಿ ನೆವ್ರಿ, ಕಿಡಿಯೊ, ಗುಳಿಯೊಗಳನ್ನು ಕರಿಯುತ್ತಿರುವಾಗ, ಇತ್ತ ವಿಜಯಪುರ ಜಿಲ್ಲೆಯ ನಮ್ಮ ಇಂಗಳೇಶ್ವರದಲ್ಲಿ ಎಳ್ಳ ಅಮಾವಾಸ್ಯೆಗಾಗಿ ಸಜ್ಜೆಯ ರೊಟ್ಟಿ ಬಡಿಯುವ ಸಪ್ಪಳವು ಮನೆಮನೆಯಿಂದ ಕೇಳಿಬರುತ್ತಿರುವುದು. ಹಬ್ಬದ ಹೆಸರು ಬೇರೆ, ತಿನಿಸು ಬೇರೆ. ಆದರೆ ಒಲೆಯ ಮುಂದೆ ಕುಳಿತವಳ ಎದೆಯೊಳಗಿನ ಅಂಜಿಕೆ ಮಾತ್ರ ಒಂದೇ. ಏನಾದರೂ ಕಡಿಮೆ ಬಿದ್ದೀತೇ? ಯಾರಾದರೂ ಏನಾದರೂ ಅಂದಾರೇ? ಈ ಎರಡು ಪ್ರಶ್ನೆಗಳು ಹಬ್ಬವನ್ನು ಹಬ್ಬವಾಗಿ ಇರಗೊಡುವುದಿಲ್ಲ.

ಈ ಅಂಜಿಕೆಯನ್ನು ನಾವು ಮೂವತ್ತು ವರ್ಷಗಳ ಕಾಲ ಸಾಕಿದೆವು. ಸಾಕಿದುದಷ್ಟೇ ಅಲ್ಲ, ಮನೆಗೆ ಬಂದ ಸೊಸೆಯ ಉಡಿಯಲ್ಲಿಯೂ ಅದನ್ನೇ ಹಾಕಿದೆವು. ಅದರಿಂದಾದ ಕೇಡನ್ನೂ, ಆ ಹೊರೆಯನ್ನು ತಕ್ಕಮಟ್ಟಿಗೆ ಇಳಿಸಿದ ಬಗೆಯನ್ನೂ ವಾಚಕ ಭಗಿನಿಯರ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ಇಂಗಳೇಶ್ವರವು ಬಸವನ ಬಾಗೇವಾಡಿ ತಾಲೂಕಿನ ಊರು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರುಮನೆ ಇದೇ ಊರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿರುವ ಇಲ್ಲಿಯ ವಚನ ಶಿಲಾಮಂಟಪವನ್ನು ನೋಡಲು ಪರಸ್ಥಳದವರೂ ಬರುವುದುಂಟು. ಸುತ್ತಲಿನ ಸೀಮೆಯಲ್ಲಿ ಎರೆಯ ಹೊಲಗಳೇ ಹೆಚ್ಚು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಹಳಬರ ಲೆಕ್ಕದಲ್ಲಿ 24 ಅಂಗುಲದ ಆಸುಪಾಸು. ಅದೂ ಒಂದು ವರ್ಷ ಬಂದಂತೆ ಮತ್ತೊಂದು ವರ್ಷ ಬರುವುದಿಲ್ಲ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳವು ಆಮೇಲೆ ನೆಲದೊಳಗಿನ ಹಸಿಯನ್ನೇ ನಂಬಿಕೊಂಡು ಬೆಳೆಯಬೇಕು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಆ ಜೋಳವು ಹೊಡೆಯಲ್ಲಿರುವುದು. ಕಡಲೆಯ ಗಿಡವು ಹೂವು ಕಾಯಿಗಳನ್ನು ಹಿಡಿದಿರುವುದು. ಆದುದರಿಂದ ಭೂಮಿಯು ಬಸುರಿಯೆಂದು ನಮ್ಮ ಜನ ಭಾವಿಸುವರು. ಬಸುರಿಯ ಬಯಕೆಯನ್ನು ತೀರಿಸದೆ ಇರಬಹುದೇ? ಅಂದು ಮನೆಮಂದಿಯೆಲ್ಲರೂ ಬುಟ್ಟಿಗಳನ್ನು ಹೇರಿಕೊಂಡು ಚಕ್ಕಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೊಲಕ್ಕೆ ಹೋಗುವರು. ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ, ಸುಣ್ಣ ಕುಂಕುಮಗಳನ್ನು ಹಚ್ಚಿ ಪೂಜಿಸುವರು. ತಂದ ಅಡಿಗೆಯಲ್ಲಿ ಎಲ್ಲದರ ತುಸು ಭಾಗವನ್ನು ಕಲಸಿ, ಹೊಲದ ತುಂಬ ತಿರುಗಾಡಿ ಬೆಳೆಯ ಮೇಲೆ ಚೆಲ್ಲುವರು. ಇದೇ ಚರಗ. ನೆಲದ ತಾಯಿಯ ಪಾಲು ಸಂದ ಮೇಲೆ ಉಳಿದವರ ಊಟ.

ನಮ್ಮ ಅತ್ತೆಯವರ ಕಾಲದಲ್ಲಿ ಚರಗದ ಬುಟ್ಟಿಯೊಳಗೆ 21 ಬಗೆಗಳು ಇರಲೇಬೇಕಾಗಿದ್ದಿತು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಪುಂಡಿ ಪಲ್ಯ, ಬದನೆಯ ಎಣಗಾಯಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಇಂಡಿಯ ಲಿಂಬೆಯ ಉಪ್ಪಿನಕಾಯಿ, ಬಾನ, ಮೊಸರು ಎಂದು ಅವರು ಬೆರಳು ಮಡಿಚಿ ಎಣಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪಟ್ಟಿಯು ನಮ್ಮ ಕೈಗೆ ಬಂದಿತು. ಅವರ ಮನೆಯಲ್ಲಿ ದುಡಿಯುವ ಹೆಂಗಸರು ಐವರಿದ್ದರೆಂಬುದನ್ನು ಮರೆತೆವು. ಅವರ ಎಣಿಕೆಯನ್ನು ಮಾತ್ರ ನೆನಪಿಟ್ಟೆವು. ಒಂದು ಬಗೆ ತಪ್ಪಿದರೆ ಮನೆತನದ ಮಾನವೇ ಹೋದಂತೆ ನಮಗೆ ತೋರುತ್ತಿದ್ದಿತು.

2022ನೆಯ ಇಸವಿಯ ಎಳ್ಳ ಅಮಾವಾಸ್ಯೆಯು ಡಿಸೆಂಬರ್ 23, ಶುಕ್ರವಾರ ಬಂದಿತು. ಈ ಸಲ ಯಾವುದಕ್ಕೂ ಕೊನೆಯ ಗಳಿಗೆಯ ಗಡಿಬಿಡಿಯಾಗಕೂಡದೆಂದು ನಾವು ಇಪ್ಪತ್ತು ದಿನ ಮೊದಲೇ ಸಜ್ಜೆಯನ್ನು ಹಸನುಮಾಡಿ, ಗಿರಣಿಗೆ ಕಳಿಸಿ, ಹಿಟ್ಟನ್ನು ಡಬ್ಬಿಯಲ್ಲಿ ತುಂಬಿಸಿಟ್ಟೆವು. ನಮ್ಮ ದೂರದೃಷ್ಟಿಗೆ ನಾವೇ ಮೆಚ್ಚಿಕೊಂಡೆವು. ರೊಟ್ಟಿ ಬಡಿಯುವ ಕೆಲಸವನ್ನು ಸೊಸೆಗೆ ಒಪ್ಪಿಸಿದೆವು. ಆಕೆ ಧಾರವಾಡದವಳು, ಓದಿದವಳು, ಮಾತು ಕಡಿಮೆ. ಮದುವೆಯಾಗಿ ಆಗ ನಾಲ್ಕು ವರ್ಷ, ಎರಡು ವರ್ಷದ ಮಗನ ತಾಯಿ.

ಅಂದು ನಸುಕಿನಲ್ಲಿ ಆಕೆ ಬಡಿದ ರೊಟ್ಟಿಗಳು ಒಂದರ ಹಿಂದೊಂದು ಹರಿಯತೊಡಗಿದವು. ಅಂಚು ಸೀಳಿತು, ಹಂಚಿನ ಮೇಲೆ ಹಾಕುವಾಗ ನಡುವೆಯೇ ಬಿರಿಯಿತು. ಎಸರನ್ನು ಮತ್ತೆ ಕಾಯಿಸಿದಳು, ಹಿಟ್ಟನ್ನು ಮತ್ತೆ ನಾದಿದಳು. ಆದರೂ ಮೂರರಲ್ಲಿ ಒಂದು ಮಾತ್ರ ನೆಟ್ಟಗೆ ಬಂದಿತು. ನಾವು ಬಾಗಿಲಲ್ಲಿ ನಿಂತು ನೋಡಿದೆವು. ನೋಡಿ ಸುಮ್ಮನಿದ್ದಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ನಿಮ್ಮ ತವರಾಗ ರೊಟ್ಟಿ ಬಡಿಯೂದ ಕಲಿಸಿಲ್ಲೇನು? ಇಂಥಾವು ತಗೊಂಡು ಹೊಲಕ್ಕ ಹೋದರ ಮಂದಿ ಏನಂದಾರು?" ಎಂದು ಬಿಟ್ಟೆವು.

ಅಷ್ಟಕ್ಕೇ ಮುಗಿಸಲಿಲ್ಲ. ಆಕೆಯ ಕಣ್ಣೆದುರಿಗೇ ಹರಿದ ರೊಟ್ಟಿಗಳನ್ನು ಆರಿಸಿ ಬೇರೆ ಇಟ್ಟು, ಇಡಿಯಾಗಿದ್ದವನ್ನು ಮಾತ್ರ ಬಿಳಿಯ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿರಿಸಿದೆವು. ಹೊರಡುವ ಹೊತ್ತಿಗೆ ಆಕೆ, "ತಲಿ ನೋಯಾಕತ್ತೈತ್ರಿ ಅತ್ತಿ, ನೀವು ಹೋಗಿ ಬರ್ರಿ" ಎಂದು ಒಳಗೆ ಹೋದಳು. ನಮ್ಮ ಲಕ್ಷ್ಯವೆಲ್ಲ 21 ಬಗೆಗಳ ಮೇಲಿದ್ದಿತು. ಮನೆಯ ಒಬ್ಬಳು ಕಡಿಮೆಯಾದುದನ್ನು ನಾವು ಎಣಿಸಲಿಲ್ಲ.

ಹೊಲದಲ್ಲಿ ಪೂಜೆಯಾದ ಮೇಲೆ ಚರಗವನ್ನು ಕಲಸಬೇಕಾಯಿತು. ಆ ಬಿಳಿಯ ಬಟ್ಟೆಯನ್ನು ಬಿಚ್ಚಿ, ಒಂದು ಸೀಳೂ ಇಲ್ಲದ ರೊಟ್ಟಿಗಳನ್ನು ತೆಗೆದು ಪರಾತದೊಳಗೆ ಮುರಿಯತೊಡಗಿದೆವು. ಬದಿಯಲ್ಲಿ ಕುಳಿತಿದ್ದ ನಮ್ಮ ಹಿರಿಯ ನೆಗೆಣ್ಣಿಯು ನಮ್ಮ ಕೈಯನ್ನೇ ನೋಡುತ್ತಿದ್ದು ಹೀಗೆಂದಳು: "ಅಲ್ಲ ತಂಗಿ, ಮುರಿಯೂದಿತ್ತಂದ್ರ ಮುರದ ರೊಟ್ಟಿನ ತರಬೇಕಿತ್ತಲ್ಲ. ನೆಲದವ್ವಗ ಇಡೀ ರೊಟ್ಟಿ ಯಾವಾಗ ಕೊಟ್ಟೀವಿ?"

ಸುತ್ತಲಿದ್ದವರು ನಕ್ಕರು; ನಾವೂ ನಕ್ಕೆವು. ಆದರೆ ಆ ಮಾತು ಅಲ್ಲಿಯೇ ಉಳಿಯಲಿಲ್ಲ, ನಮ್ಮ ಸಂಗಡ ಮನೆಗೆ ಬಂದಿತು. ಯಾವ ಭೂಮಿತಾಯಿಗಾಗಿ ಇಷ್ಟೆಲ್ಲ ಮಾಡಿದೆವೋ ಆಕೆಗೆ ಸಲ್ಲುವ ಮೊದಲ ಪಾಲೇ ಚೂರಾದ ರೊಟ್ಟಿ. ಹಾಗಾದರೆ ಇಡಿಯ ರೊಟ್ಟಿ ಯಾರಿಗೆ ಬೇಕಾಗಿದ್ದಿತು? ಪಕ್ಕದ ಹೊಲದವರ ಕಣ್ಣಿಗೆ, ಮತ್ತು ನಮ್ಮ ಹೆಮ್ಮೆಗೆ.

ಜನವರಿಯ ಮೊದಲ ವಾರ ಸೊಸೆಯು ಸಂಕ್ರಾಂತಿಗೆಂದು ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಭೋಗಿಯ ದಿನ ನಮ್ಮ ಕಡೆ ಮತ್ತೆ ಸಜ್ಜೆಯ ರೊಟ್ಟಿ ಬೇಕು. ಉಳಿದಿದ್ದ ಹಿಟ್ಟನ್ನು ತೆಗೆದುಕೊಂಡು ನಾವೇ ಒಲೆಯ ಮುಂದೆ ಕುಳಿತೆವು. ಮೊದಲನೆಯ ರೊಟ್ಟಿ ಹರಿಯಿತು, ಎರಡನೆಯದೂ ಹರಿಯಿತು. ಬಾಯಲ್ಲಿಟ್ಟು ನೋಡಿದರೆ ಕಹಿ. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅಂದು ಸೋತು ಕುಳಿತಿತು.

ಕಾರಣವು ನಮಗೆ ತಿಳಿಯದುದೇನೂ ಆಗಿರಲಿಲ್ಲ. ಗೋಧಿಯ ಹಿಟ್ಟಿನಲ್ಲಿರುವ ಅಂಟು ಜೋಳ ಸಜ್ಜೆಗಳಲ್ಲಿಲ್ಲ. ಕುದಿಯುವ ಎಸರಿನಿಂದ ಬರುವ ಜಿಗಿಯ ಮೇಲೆಯೇ ರೊಟ್ಟಿಯು ನಿಲ್ಲಬೇಕು, ಹಿಟ್ಟು ಹಳತಾದಷ್ಟೂ ಆ ಜಿಗಿ ಕಡಿಮೆಯಾಗುವುದು. ಸಜ್ಜೆಯಲ್ಲಿಯಂತೂ ಕೊಬ್ಬಿನ ಅಂಶ ಹೆಚ್ಚು; ಕಾಳಾಗಿರುವಾಗ ತಿಂಗಳುಗಟ್ಟಲೆ ಕೆಡದಿದ್ದುದು ಹಿಟ್ಟಾದ ಕೆಲವು ದಿನಗಳಲ್ಲಿಯೇ ಕಹಿಯಾಗತೊಡಗುವುದು. ಹಬ್ಬವು ಒಂದು ಕುಂದೂ ಇಲ್ಲದೆ ಸಾಗಲೆಂದು ಇಪ್ಪತ್ತು ದಿನ ಮೊದಲು ಹಿಟ್ಟು ಬೀಸಿಸಿದವರು ನಾವು. ರೊಟ್ಟಿಯನ್ನು ಹರಿದದ್ದು ಸೊಸೆಯ ಕೈಯಲ್ಲ, ನಮ್ಮ ಆತುರ.

ಇಷ್ಟು ತಿಳಿದ ಕೂಡಲೆ ಧಾರವಾಡಕ್ಕೆ ಒಂದು ಮಾತು ಹೇಳಿ ಕಳಿಸಬಹುದಾಗಿದ್ದಿತು. ಕಳಿಸಲಿಲ್ಲ. ಅತ್ತೆಯ ಸ್ಥಾನವು ಅಡ್ಡ ಬಂದಿತು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು, ಸೊಸೆಯು ಬರಲಿಲ್ಲ. ಮಗುವಿಲ್ಲದ ಮನೆಯಲ್ಲಿ ಎಲ್ಲ ಪಾತ್ರೆಗಳೂ ಇಟ್ಟಲ್ಲಿಯೇ ಇದ್ದವು, ಎಲ್ಲವೂ ಅಚ್ಚುಕಟ್ಟು. ಆ ಅಚ್ಚುಕಟ್ಟನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿದ್ದಿತು. ಮಗನು ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗಿ ಬರುತ್ತಿದ್ದನು. ಒಂದು ರಾತ್ರಿ ಊಟಕ್ಕೆ ಕುಳಿತಾಗ ತಲೆ ಎತ್ತದೆ ಹೇಳಿದನು: "ಅವ್ವಾ, ಆಕಿ ದಿನಾ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ರೊಟ್ಟಿ ಬಡಿಯೂದು ಕಲಿಯಾಕತ್ತಾಳ. ಬರೋಬ್ಬರಿ ಬರೂತನಕ ಊರಿಗೆ ಬರಂಗಿಲ್ಲ ಅಂತಾಳ."

ಆ ತುತ್ತು ನಮಗೆ ಗಂಟಲಲ್ಲಿ ಇಳಿಯಲಿಲ್ಲ. ನಾವು ಯಾವ ಅಂಜಿಕೆಯಿಂದ ಮೂವತ್ತು ವರ್ಷ ನಿದ್ರೆಗೆಟ್ಟೆವೋ ಅದೇ ಅಂಜಿಕೆಯು ಈಗ ಮತ್ತೊಂದು ಊರಿನಲ್ಲಿ, ಮತ್ತೊಬ್ಬ ಹೆಣ್ಣುಮಗಳನ್ನು ನಡುರಾತ್ರಿ ಒಲೆಯ ಮುಂದೆ ಕುಳ್ಳಿರಿಸಿದ್ದಿತು.

ಯುಗಾದಿ ಕಳೆದ ಮೇಲೆ ನಾವು ಬಸ್ಸು ಹತ್ತಿ ಧಾರವಾಡಕ್ಕೆ ಹೋದೆವು. ಬೀಗರ ಉಪಚಾರವಾದ ಮೇಲೆ ಸೊಸೆಯನ್ನು ಹಿತ್ತಲಿಗೆ ಕರೆದು, "ಹಿಟ್ಟು ಹಳೇದಿತ್ತು ತಂಗಿ. ತಪ್ಪು ನಿನ್ನ ಕೈದಲ್ಲ, ನಂದು" ಎಂದೆವು.

"ಗೊತ್ತಿತ್ರಿ ಅತ್ತಿ" ಎಂದಳು. "ಅವತ್ತ ಮೂಸಿ ನೋಡಿದ್ದೆ."

"ಮತ್ತ ಹೇಳಬಾರದಿತ್ತೇನು?"

"ಹೇಳಿದ್ದರ ಕೇಳತಿದ್ದಿರೇನು?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರವನ್ನು ನಿಜವಾಗಿಯೂ ತಿಳಿಯಬಯಸುವವಳಂತೆ ಕೇಳಿದಳು. ಕೇಳುತ್ತಿರಲಿಲ್ಲವೆಂದು ನಾವು ಒಪ್ಪಿಕೊಂಡೆವು. ಎಂಟು ದಿನಗಳ ಮೇಲೆ ಆಕೆಯೂ ಮಗುವೂ ಇಂಗಳೇಶ್ವರಕ್ಕೆ ಬಂದರು.

ಆ ಮೇಲೆ ಈ ವಿಷಯವಾಗಿ ಬಲ್ಲವರು ಬರೆದುದನ್ನು ತುಸು ಓದಿ ನೋಡಿದೆವು. ಕೆನಡಾ ದೇಶದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬವರು 1991ರಲ್ಲಿ ಪರಿಪೂರ್ಣತೆಯ ಹಂಬಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ತನ್ನಿಂದ ತಾನೇ ಕುಂದಿಲ್ಲದ ಕೆಲಸವನ್ನು ಬಯಸುವುದು ಒಂದು. ಇತರರಿಂದ ಅದನ್ನು ಬಯಸುವುದು ಎರಡು. ಇತರರು ತನ್ನಿಂದ ಅದನ್ನು ಬಯಸುತ್ತಿದ್ದಾರೆಂದು ನಂಬಿ ಕುಗ್ಗುವುದು ಮೂರು. ಇದನ್ನು ಓದಿದಾಗ ನಮ್ಮ ಅಡುಗೆಯ ಮನೆಯನ್ನೇ ನೋಡಿ ಬರೆದಂತೆ ತೋರಿತು. ಮೊದಲನೆಯದು ನಮ್ಮನ್ನು ದಣಿಸಿದ್ದಿತು. ಎರಡನೆಯದು ನಮ್ಮ ನಾಲಗೆಯನ್ನು ಹರಿತಮಾಡಿದ್ದಿತು. ಮೂರನೆಯದು ಸೊಸೆಯ ಪಾಲಿಗೆ ಹೋಗಿದ್ದಿತು. ಒಂದೇ ಬೇನೆಯು ಮನೆಯೊಳಗೆ ಕೈಯಿಂದ ಕೈಗೆ ದಾಟುವ ಬಗೆ ಇದು.

ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟರು 1953ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ 'ಸಾಕಷ್ಟು ಒಳ್ಳೆಯ ತಾಯಿ' ಎಂಬ ಮಾತನ್ನು ಬಳಸಿದರು. ಮೊದಮೊದಲು ಕೂಸಿನ ಅಗತ್ಯಕ್ಕೆ ಸಂಪೂರ್ಣವಾಗಿ ಒದಗುವ ತಾಯಿಯು, ಅದು ಬೆಳೆದಂತೆ ಸಣ್ಣಪುಟ್ಟ ಕೊರತೆಗಳನ್ನು ಅದೇ ಸಹಿಸಿಕೊಳ್ಳಲೆಂದು ಬಿಡುತ್ತ ಹೋಗುವಳು. ಆ ಕೊರತೆಗಳಿಂದಲೇ ಮಗುವು ಲೋಕವನ್ನು ಕಲಿಯುವುದು. ಸಾಕಷ್ಟು ಒಳ್ಳೆಯ ತಾಯಿಯು ಇರಬಹುದಾದರೆ ಸಾಕಷ್ಟು ಒಳ್ಳೆಯ ಅತ್ತೆ, ಸಾಕಷ್ಟು ಒಳ್ಳೆಯ ರೊಟ್ಟಿ, ಸಾಕಷ್ಟು ಒಳ್ಳೆಯ ಹಬ್ಬ ಏಕೆ ಇರಬಾರದು? ನಮ್ಮ ಊರಿನ ಶಿಲಾಮಂಟಪದಲ್ಲಿ ಕಲ್ಲಿನ ಮೇಲೆ ಕೊರೆದ ಅಕ್ಷರ ತಪ್ಪಬಾರದು, ದಿಟ. ಅದು ತಲೆಮಾರುಗಳ ಕಾಲ ನಿಲ್ಲತಕ್ಕದ್ದು. ಸಂಜೆಗೆ ಮುಗಿದುಹೋಗುವ ರೊಟ್ಟಿಗೆ ಶಿಲೆಯ ನಿಯಮವೇಕೆ?

2023ನೆಯ ಇಸವಿಯಲ್ಲಿ ಶ್ರಾವಣವು ಅಧಿಕಮಾಸವಾಗಿ ಬಂದುದರಿಂದ ಹಬ್ಬಗಳೆಲ್ಲ ಮುಂದೆ ಸರಿದು, ಆ ಇಸವಿಯೊಳಗೆ ಎಳ್ಳ ಅಮಾವಾಸ್ಯೆಯೇ ಬೀಳಲಿಲ್ಲ; ಅದು 2024ರ ಜನವರಿ 11ಕ್ಕೆ ಬಂದಿತು. ಅಷ್ಟರಲ್ಲಿ ಮಳೆಯೂ ಕೈಕೊಟ್ಟಿದ್ದಿತು. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳು ಬರಪೀಡಿತವೆಂದು ಸರಕಾರವು ಸಾರಿದ ವರ್ಷವದು. ನಮ್ಮ ಹೊಲದಲ್ಲಿ ಜೋಳವು ಮೊಣಕಾಲಿಗಿಂತ ಮೇಲೆ ಏಳಲಿಲ್ಲ. ಎರೆಯ ನೆಲವು ಬೇಸಿಗೆಗೆ ಮೊದಲೇ ಬಿರುಕು ಬಿಟ್ಟಿದ್ದಿತು. ಹೀಗಿರುವಾಗ ಚರಗ ಮಾಡುವುದೇ ಬೇಡವೇನೋ ಎಂದು ನಾವು ಮನಸ್ಸಿನಲ್ಲಿ ಅಳುಕಿದೆವು. ಊರಿನಲ್ಲಿ ಯಾರೂ ಹಾಗೆ ಅಳುಕಲಿಲ್ಲ. ಬೆಳೆಯು ಪೂರ್ತಿಯಾಗಿ ಬರಲಿಲ್ಲವೆಂದು ಭೂಮಿಗೆ ಉಣ್ಣಿಸದೆ ಬಿಡುವವರು ನಮ್ಮ ರೈತರಲ್ಲ. ಕೊರತೆಯ ನೆಲಕ್ಕೂ ಚರಗ ಸಲ್ಲುವುದಾದರೆ, ಕೊರತೆಯ ಅಡಿಗೆಗೆ ನಾಚುವುದೇಕೆಂದು ಆಗ ನಮಗೆ ಧೈರ್ಯ ಬಂದಿತು.

ಆ ಸಲ ನಾವೂ ಸೊಸೆಯೂ ಕುಳಿತು 21ರ ಪಟ್ಟಿಯನ್ನು 7ಕ್ಕೆ ಇಳಿಸಿದೆವು. ರೊಟ್ಟಿ, ಕಡಬು, ಪುಂಡಿ ಪಲ್ಯ, ಎಣಗಾಯಿ, ಒಂದು ಹಿಂಡಿ, ಒಂದು ಹೋಳಿಗೆ, ಮೊಸರು. ಹಿಟ್ಟನ್ನು ಎರಡು ದಿನ ಮೊದಲಷ್ಟೇ ಬೀಸಿಸಿದೆವು. ಸಾಲದೆ ಬಂದ ಜೋಳದ ಖಡಕ್ ರೊಟ್ಟಿಗಳನ್ನು ಮಾಡಿ ಮಾರುವ ಹೆಂಗಸರಿಂದ ಕೊಂಡು ತಂದೆವು. ಇದೇ ನಾವು ಹಿಂದೆ ಅಪಮಾನವೆಂದು ಎಣಿಸಿದ್ದ ಕೆಲಸ. ಬದನೆಯನ್ನು ಸೀಳಿ ಮಸಾಲೆ ತುಂಬುವುದನ್ನು ಮಗನಿಗೆ ಒಪ್ಪಿಸಿದೆವು. ಅವನು ತುಂಬಿದ ರೀತಿಯನ್ನು ಕಂಡು ನಮ್ಮ ಬಾಯಿ ಎರಡು ಸಲ ತೆರೆಯಿತು. ಎರಡು ಸಲವೂ ಮುಚ್ಚಿಕೊಂಡೆವು. ಆ ಬದನೆಕಾಯಿಗಳಲ್ಲಿ ಒಂದೂ ಉಳಿಯಲಿಲ್ಲ.

ರೊಟ್ಟಿಗಳು ಆಗಲೂ ಕೆಲವು ಹರಿದವು. ಸೊಸೆಯು ಒಮ್ಮೆ ನಮ್ಮ ಕಡೆ ನೋಡಿದಳು. ನಾವು ಹಳೆಯ ಬಿಳಿಯ ಬಟ್ಟೆಯನ್ನು ಹಾಸಿ ಹರಿದವನ್ನೇ ಮೊದಲು ಸುತ್ತಿ, "ಇವು ಚರಗದವು" ಎಂದೆವು. ಆಕೆ ನಕ್ಕು, "ಹಂಗಾರ ಇನ್ನೊಂದೆರಡು ಹರಿಲೇನ್ರಿ ಅತ್ತಿ?" ಎಂದಳು. ಅಂದು ಹತ್ತು ಗಂಟೆಗೆಲ್ಲ ಹೊಲದಲ್ಲಿದ್ದೆವು. ಬುಟ್ಟಿ ಹಗುರ, ಮನಸ್ಸೂ ಹಗುರ. ಕುಳ್ಳಾದ ಜೋಳದ ಸಾಲುಗಳ ನಡುವೆ ಮೂರು ವರ್ಷದ ಮೊಮ್ಮಗನು ಮುಷ್ಟಿಯಷ್ಟು ಚರಗವನ್ನು ಹಿಡಿದು, ಅರ್ಧವನ್ನು ನೆಲಕ್ಕೂ ಅರ್ಧವನ್ನು ತನ್ನ ತಲೆಗೂ ಚೆಲ್ಲಿಕೊಂಡನು. ಯಾರೂ ಅವನನ್ನು ತಿದ್ದಲಿಲ್ಲ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ನಾವು ಹೊಲದಲ್ಲಿ ಕುಳಿತು ಬಿಸಿಲು ಕಾಯಿಸಿಕೊಂಡೆವು, ಹಸಿ ಕಡಲೆಯನ್ನು ಸುಲಿದು ತಿಂದೆವು.

ವಾಚಕ ಭಗಿನಿಯರೇ, ಇದರಿಂದ ಕೆಲಸವನ್ನು ಕೆಡಿಸಬೇಕೆಂದಾಗಲಿ, ಶ್ರದ್ಧೆಯನ್ನು ಬಿಡಬೇಕೆಂದಾಗಲಿ ನಾವು ಹೇಳುವುದಿಲ್ಲ. ಅಡಿಗೆ ಶುಚಿಯಾಗಿರಲಿ, ಹೊಟ್ಟೆಗೆ ಹಿತವಾಗಿರಲಿ. ಆದರೆ ಹಬ್ಬಕ್ಕೆ ಒಂದು ವಾರ ಮೊದಲು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಯಾವುದು ಉಣ್ಣುವವರಿಗಾಗಿ, ಯಾವುದು ನೋಡುವವರಿಗಾಗಿ ಎಂದು ಒಂದೊಂದಕ್ಕೂ ಕೇಳಿರಿ. ನೋಡುವವರಿಗಾಗಿ ಇರುವುದಕ್ಕೆ ಗೆರೆ ಎಳೆಯಿರಿ. ಕೈಜೋಡಿಸಿದವರು ತಮ್ಮ ಬಗೆಯಲ್ಲಿ ಮಾಡಲಿ. ಅವರು ಮಾಡಿದುದನ್ನು ಹಿಂದಿನಿಂದ ತಿದ್ದಬೇಡಿರಿ. ಮಾತು ನಾಲಗೆಯ ತುದಿಗೆ ಬಂದಾಗ, ತಪ್ಪು ಹಿಟ್ಟಿನದೋ ಕೈಯದೋ ಎಂದು ಒಂದು ಗಳಿಗೆ ವಿಚಾರಿಸಿರಿ. ಹಬ್ಬ ಕಳೆದು ವಾರಗಳಾದರೂ ನಿದ್ರೆ ಬಾರದೆ, ಎದೆ ಡವಗುಟ್ಟುತ್ತ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ ಇದ್ದರೆ ವೈದ್ಯರ ಮುಂದೆ ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರಕಾರದ ಉಚಿತ ದೂರವಾಣಿಯ ಸಂಖ್ಯೆ 14416.

2024ರ ಡಿಸೆಂಬರ್ 30ರಂದು ಎಳ್ಳ ಅಮಾವಾಸ್ಯೆಯು ಮತ್ತೆ ಬಂದಿತು. ಅಂದು ಬುಟ್ಟಿಯನ್ನು ಕಟ್ಟಿದವಳು ಸೊಸೆ. ಎಷ್ಟು ಬಗೆಗಳಿದ್ದವೆಂದು ನಾವು ಎಣಿಸಲಿಲ್ಲ. ಹೊಲದಲ್ಲಿ ಕುಳಿತವರನ್ನು ಮಾತ್ರ ಎಣಿಸಿದೆವು. ಮನೆಯವರಲ್ಲಿ ಒಬ್ಬರೂ ಕಡಿಮೆಯಿರಲಿಲ್ಲ.